ಚಪ್ಪಲಿ ಹೊಲಿಯುವವನ ಮಗ ಇಫಿಕ್ರಟೀಸ್

ಈ ಶಾಲೆಯಲ್ಲಿ ಓದುತ್ತಿದ್ದಾಗ ಯಾರಾದರೂ ತಂದೆಯ ಕಸುಬು ಕೇಳಿದರೆ ನಾನು ತಲೆ ತಗ್ಗಿಸುತ್ತಿದ್ದೆ. ಅಪ್ಪ ಸಂತೆಯಲ್ಲಿ ಚಪ್ಪಲಿ ಹೊಲಿಯುತ್ತಿದ್ದರು. ಮುಂದೆ ನಾನೇ ಇತಿಹಾಸದ ಮೇಷ್ಟ್ರಾದ ಮೇಲೆ ಗ್ರೀಸ್ ದೇಶದ ಒಬ್ಬ ಸೇನಾಪತಿಯ ಜೀವನ ಓದಿದೆ. ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಅದನ್ನೇ ಹೇಳಬೇಕೆನಿಸಿತು.

ಕ್ರಿ.ಪೂ. 5ನೇ ಶತಮಾನದ ಕೊನೆಯ ಭಾಗದಲ್ಲಿ ಅಥೆನ್ಸ್ ನಗರದಲ್ಲಿ ಹುಟ್ಟಿದ ಇಫಿಕ್ರಟೀಸ್ ಚಪ್ಪಲಿ ಹೊಲಿಯುವವನ ಮಗನೆಂದು ಪ್ರಾಚೀನ ಲೇಖಕರು ಬರೆದಿದ್ದಾರೆ. ಆಗಿನ ಯುದ್ಧದಲ್ಲಿ ಗೌರವವೆಲ್ಲ ಹಾಪ್ಲೈಟ್ ಎಂಬ ಭಾರಿ ಕಾಲಾಳುಗಳಿಗೆ. ದೊಡ್ಡ ಗುರಾಣಿ, ಕಂಚಿನ ಶಿರಸ್ತ್ರಾಣ, ಈಟಿ ಕೊಳ್ಳಲು ಹಣ ಬೇಕಿತ್ತು. ಪೆಲ್ಟಾಸ್ಟ್ ಎಂಬ ಹಗುರ ಕಾಲಾಳುಗಳಿಗೆ ಇದ್ದುದು ಸಣ್ಣ ಗುರಾಣಿ ಮತ್ತು ಎಸೆಯುವ ಭರ್ಜಿಗಳು. ಅವರಲ್ಲಿ ಬಹಳ ಮಂದಿ ಕೂಲಿಗೆ ಬಂದವರು. ಸ್ಪಾರ್ಟಾದವರು ಅವರನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಇಫಿಕ್ರಟೀಸ್ ಇಂಥವರ ದಂಡನಾಯಕನಾದ.

ಕ್ರಿ.ಪೂ. 390ರಲ್ಲಿ, ಕೊರಿಂಥ್ ನಗರದ ಬಳಿ ಲೆಖೇಯಂ ಬಂದರಿಗೆ ಸುಮಾರು 600 ಸ್ಪಾರ್ಟನ್ ಕಾಲಾಳುಗಳು ಹಿಂದಿರುಗುತ್ತಿದ್ದರು. ಆಗ ಅವರ ಜೊತೆ ಕುದುರೆ ಪಡೆ ಇರಲಿಲ್ಲ. ಇಫಿಕ್ರಟೀಸನ ಹುಡುಗರು ಓಡಿ ಬಂದು ಭರ್ಜಿ ಎಸೆದರು. ಸ್ಪಾರ್ಟನ್ನರು ಬೆನ್ನಟ್ಟಿದರೆ ಓಡಿ ದೂರವಾದರು. ಭಾರ ಹೊತ್ತವರಿಗೆ ಅವರು ಸಿಗಲಿಲ್ಲ. ಬೆನ್ನಟ್ಟಿ ಚದುರಿದವರು ಹಿಂದಿರುಗುವಾಗ ಮತ್ತೆ ಭರ್ಜಿಯ ಮಳೆ. ತಡವಾಗಿ ಬಂದ ಸವಾರರೂ ಕಾಲಾಳುಗಳ ಜೊತೆಗೇ ನಿಧಾನ ಸಾಗಿ ಪ್ರಯೋಜನಕ್ಕೆ ಬರಲಿಲ್ಲ. ಸುಮಾರು 250 ಸ್ಪಾರ್ಟನ್ನರು ಮಡಿದರು. ಇಡೀ ಗ್ರೀಸ್ ಬೆರಗಾಯಿತು.

ಬರೀ ಓಟದಿಂದ ಗೆದ್ದರೆಂದು ಮಕ್ಕಳು ತಿಳಿಯಬಾರದು. ಬಯಲಿನಲ್ಲಿ ಒಳ್ಳೆಯ ಕುದುರೆ ಪಡೆ ಎದುರಾದರೆ ಹಗುರ ಕಾಲಾಳು ಉಳಿಯುವುದು ಕಷ್ಟ. ಅಂದು ಅವರ ಬೆಂಬಲಕ್ಕೆ ಕಲ್ಲಿಯಾಸನ ಭಾರಿ ಪಡೆ ನಿಂತಿತ್ತು. ಬಿಡುವಿಲ್ಲದ ತಾಲೀಮು ಕೊಡುವುದರಲ್ಲಿ ಇಫಿಕ್ರಟೀಸ್ ಹೆಸರಾಗಿದ್ದ.

ಮುಂದೆ ಅವನು ಗುರಾಣಿಯನ್ನು ಚಿಕ್ಕದು ಮಾಡಿಸಿ, ಈಟಿಯನ್ನು ಉದ್ದ ಮಾಡಿಸಿದನೆಂದು ಇತಿಹಾಸಕಾರ ಡಯೋಡೋರಸ್ ಬರೆದಿದ್ದಾನೆ. ಸೈನಿಕರಿಗೆ ಹಗುರವಾದ, ಬಿಚ್ಚಲು ಸುಲಭವಾದ ಪಾದರಕ್ಷೆಯನ್ನೂ ಮಾಡಿಸಿದ. ಅದಕ್ಕೆ ಅವನ ಹೆಸರೇ ಉಳಿಯಿತು. ಮುಪ್ಪಿನಲ್ಲಿ, ಬಿರುಗಾಳಿಯ ಸಮುದ್ರದಲ್ಲಿ ಯುದ್ಧಕ್ಕೆ ಇಳಿಯಲು ಒಪ್ಪದೆ ಸೈನಿಕರ ಪ್ರಾಣ ಉಳಿಸಿದ್ದಕ್ಕೆ ಅವನ ಮೇಲೆ ವಿಚಾರಣೆ ನಡೆಯಿತು, ನಿರ್ದೋಷಿಯೆಂದು ತೀರ್ಪಾಯಿತು.

ಪಾದರಕ್ಷೆಯ ಮಾತು ಓದಿದಾಗಲೆಲ್ಲ ನನಗೆ ಅಪ್ಪನ ಉಳಿ, ದಾರ ನೆನಪಾಗುತ್ತವೆ. ಕಾಲಿನ ನೋವು ಬಲ್ಲ ಮನೆಯಲ್ಲಿ ಬೆಳೆದವನಿಗೆ ನಡೆಯುವ ಸೈನಿಕನ ಕಷ್ಟ ಬೇಗ ತಿಳಿದಿರಬೇಕು. ಇಂದು ಈ ಶಾಲೆಯ ಮಗು ತಂದೆಯ ಕಸುಬನ್ನು ತಲೆ ಎತ್ತಿ ಹೇಳಲಿ. ನಾನು ಅಂದು ಹೇಳಲಿಲ್ಲ, ಇಲ್ಲಿ ಬರೆದಿದ್ದೇನೆ.