ಹಕ್ಕಿಯ ಖರ್ಚು ಉಳಿಸಿದ ನಿರ್ಮಾಪಕ: ಸ್ಯಾಮ್ ಕಟ್ಜ್‌ಮನ್

ಅದು 1957. ಅಮೆರಿಕದ ನಟ ಜೆಫ್ ಮಾರೋ ತಾವೇ ನಾಯಕರಾಗಿ ಅಭಿನಯಿಸಿದ ಹೊಸ ಚಿತ್ರವನ್ನು ತಮ್ಮ ಊರಿನ ಚಿತ್ರಮಂದಿರದಲ್ಲಿ, ಪರಿಚಿತರ ನಡುವೆ ಕುಳಿತು ಮೊದಲ ಬಾರಿಗೆ ನೋಡುತ್ತಿದ್ದರು. ಚಿತ್ರದ ಹೆಸರು 'ದಿ ಜೈಂಟ್ ಕ್ಲಾ'. ಕನ್ನಡದಲ್ಲಿ ಹೇಳುವುದಾದರೆ, ದೈತ್ಯ ಪಂಜ. ವಿಮಾನಗಳು ಒಂದೊಂದಾಗಿ ಕಣ್ಮರೆಯಾಗುತ್ತವೆ. ರಡಾರಿಗೂ ಸಿಕ್ಕದ ಯಾವುದೋ ಮಹಾಜೀವಿ ಆಕಾಶದಲ್ಲಿ ಸುಳಿದಾಡುತ್ತಿದೆ. ಕಥೆ ಬಿಗಿಯಾಗಿಯೇ ಸಾಗುತ್ತಿತ್ತು. ಅಷ್ಟರಲ್ಲಿ ಆ ಜೀವಿ ತೆರೆಯ ಮೇಲೆ ಮುಖ ತೋರಿಸಿತು. ಚಿತ್ರಮಂದಿರ ನಗೆಯಲ್ಲಿ ಮುಳುಗಿತು.

ಉದ್ದನೆಯ ಸುಕ್ಕುಗತ್ತು, ಹೊರಚಾಚಿದ ಕಣ್ಣುಗಳು, ಅರಳಿದ ಮೂಗಿನ ಹೊಳ್ಳೆಗಳು, ಹಲ್ಲು ತುಂಬಿದ ಕೊಕ್ಕು, ನೆತ್ತಿಯ ಮೇಲೊಂದು ಕೂದಲ ಜುಟ್ಟು. ಯುದ್ಧನೌಕೆಯಷ್ಟು ದೊಡ್ಡದೆಂದು ಪಾತ್ರಗಳು ಮತ್ತೆ ಮತ್ತೆ ಬಣ್ಣಿಸುತ್ತಿದ್ದ ಆ ಹಕ್ಕಿ ವಾಸ್ತವದಲ್ಲಿ ತಂತಿಗೆ ಕಟ್ಟಿದ ಒಂದು ಬೊಂಬೆಯಾಗಿತ್ತು. ಅದು ಕಾಣಿಸಿಕೊಂಡಾಗಲೆಲ್ಲ ನಗೆ ಹೆಚ್ಚುತ್ತಾ ಹೋಯಿತು. ಚಿತ್ರ ಮುಗಿಯುವ ಮುನ್ನವೇ ಮಾರೋ ಯಾರ ಕಣ್ಣಿಗೂ ಬೀಳದಂತೆ ಹೊರಗೆ ಜಾರಿಕೊಂಡರು. ಈ ಪ್ರಸಂಗವನ್ನು ಅವರೇ ಮುಂದೆ ಸಂದರ್ಶನಗಳಲ್ಲಿ ನೆನಪಿಸಿಕೊಂಡಿದ್ದಾರೆ.

ಮಾರೋ ಅವರದಾಗಲಿ, ನಾಯಕಿ ಮಾರಾ ಕಾರ್ಡೆ ಅವರದಾಗಲಿ ಇದರಲ್ಲಿ ತಪ್ಪಿರಲಿಲ್ಲ. ಚಿತ್ರೀಕರಣದ ವೇಳೆ ಅವರು ಆ ಹಕ್ಕಿಯನ್ನು ಕಂಡೇ ಇರಲಿಲ್ಲ. ಖಾಲಿ ಆಕಾಶವನ್ನು ನೋಡಿ ಭಯಪಡುವಂತೆ ಅವರಿಗೆ ಹೇಳಲಾಗಿತ್ತು. ಅವರು ಶ್ರದ್ಧೆಯಿಂದ ಭಯಪಟ್ಟಿದ್ದರು. ಹಕ್ಕಿಗೆ ಎಷ್ಟು ಹಣ ವ್ಯಯಿಸಬೇಕೆಂದು ನಿರ್ಧರಿಸುವ ಅಧಿಕಾರ ಇದ್ದುದು ಒಬ್ಬರಿಗೆ ಮಾತ್ರ. ಅವರೇ ನಿರ್ಮಾಪಕ ಸ್ಯಾಮ್ ಕಟ್ಜ್‌ಮನ್. ಹಾಲಿವುಡ್‌ನಲ್ಲಿ ಕಡಿಮೆ ವೆಚ್ಚದ ಚಿತ್ರಗಳೆಂದರೆ ಮೊದಲು ನೆನಪಾಗುತ್ತಿದ್ದ ಹೆಸರು ಅದು.

ಹದಿಮೂರರ ಹುಡುಗ

ಕಟ್ಜ್‌ಮನ್ ಹುಟ್ಟಿದ್ದು 1901ರ ಜುಲೈ 7ರಂದು, ನ್ಯೂಯಾರ್ಕ್ ನಗರದ ಯಹೂದಿ ಕುಟುಂಬವೊಂದರಲ್ಲಿ. ಆಗ ಅಮೆರಿಕದ ಚಿತ್ರೋದ್ಯಮ ಇನ್ನೂ ದೇಶದ ಪೂರ್ವ ಕರಾವಳಿಯಲ್ಲಿತ್ತು. ಹಾಲಿವುಡ್ ಬೆಳೆಯುವುದು ಬಾಕಿಯಿತ್ತು. 13ರ ವಯಸ್ಸಿಗೇ ಸೆಟ್ಟಿನಲ್ಲಿ ಸಾಮಾನು ಹೊರುವ ಕೆಲಸಕ್ಕೆ ಸೇರಿದ ಹುಡುಗ ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತಿದ. ಚಿತ್ರವೊಂದರಲ್ಲಿ ಹಣ ಎಲ್ಲಿ ಸೋರುತ್ತದೆ, ಯಾವ ಗೋಡೆಯನ್ನು ಬಣ್ಣ ಬದಲಿಸಿ ಮತ್ತೊಮ್ಮೆ ಬಳಸಬಹುದು, ಯಾವ ದೃಶ್ಯವನ್ನು ಒಂದೇ ಟೇಕಿನಲ್ಲಿ ಮುಗಿಸಬಹುದು ಎಂಬುದನ್ನೆಲ್ಲ ಆತ ಕಲಿತದ್ದು ಸೆಟ್ಟಿನ ನೆಲದಲ್ಲಿ.

1930ರ ದಶಕದ ಮಧ್ಯದಲ್ಲಿ ಅವರು ವಿಕ್ಟರಿ ಪಿಕ್ಚರ್ಸ್ ಎಂಬ ಸ್ವಂತ ಸಂಸ್ಥೆ ಕಟ್ಟಿದರು. ದೊಡ್ಡ ಸ್ಟುಡಿಯೋಗಳ ನೆರಳಿನಲ್ಲಿ ಅಲ್ಪ ಬಂಡವಾಳದಿಂದ ಬದುಕುತ್ತಿದ್ದ ಇಂತಹ ಸಂಸ್ಥೆಗಳ ಸಮೂಹಕ್ಕೆ ಬಡತನದ ಬೀದಿ ಎಂಬ ಅಡ್ಡಹೆಸರಿತ್ತು. 1940ರ ದಶಕದಲ್ಲಿ ಮೋನೋಗ್ರಾಮ್ ಸಂಸ್ಥೆಗಾಗಿ ಅವರು ಭಯಾನಕ ಚಿತ್ರಗಳ ಸಾಲನ್ನೇ ತಯಾರಿಸಿದರು. 1931ರಲ್ಲಿ ಡ್ರಾಕುಲಾ ಪಾತ್ರದಿಂದ ಜಗತ್ಪ್ರಸಿದ್ಧರಾಗಿ ಅನಂತರ ಅವಕಾಶಗಳಿಲ್ಲದೆ ಸೊರಗಿದ್ದ ಬೇಲಾ ಲುಗೋಸಿ ಅವರಿಗೆ 'ಇನ್‌ವಿಸಿಬಲ್ ಘೋಸ್ಟ್' (1941), 'ದಿ ಕಾರ್ಪ್ಸ್ ವ್ಯಾನಿಷಸ್' (1942), 'ದಿ ಏಪ್ ಮ್ಯಾನ್' (1943) ಮೊದಲಾದ ಚಿತ್ರಗಳಲ್ಲಿ ಕೆಲಸ ದೊರಕಿತು. ಆ ಚಿತ್ರಗಳ ಗುಣಮಟ್ಟದ ಬಗ್ಗೆ ವಿಮರ್ಶಕರಿಗೆ ಸದಭಿಪ್ರಾಯವಿಲ್ಲ. ಆದರೆ ಕೆಲಸವಿಲ್ಲದ ಕಲಾವಿದನಿಗೆ ಅವು ಅನ್ನವಾಗಿದ್ದವು ಎಂಬುದನ್ನೂ ಮರೆಯಲಾಗದು.

ಜಂಗಲ್ ಸ್ಯಾಮ್

1940ರ ದಶಕದ ಮಧ್ಯಭಾಗದಲ್ಲಿ ಕಟ್ಜ್‌ಮನ್ ಕೊಲಂಬಿಯಾ ಸ್ಟುಡಿಯೋ ಸೇರಿದರು. ವಾರಕ್ಕೊಂದು ಕಂತಿನಂತೆ ಚಿತ್ರಮಂದಿರಗಳಲ್ಲಿ ತೆರೆ ಕಾಣುತ್ತಿದ್ದ ಧಾರಾವಾಹಿ ಚಿತ್ರಗಳ ಹೊಣೆ ಅವರದಾಯಿತು. ಸೂಪರ್‌ಮ್ಯಾನ್ ಪಾತ್ರದಲ್ಲಿ ನಟನೊಬ್ಬ ಮೊತ್ತಮೊದಲಿಗೆ ಬೆಳ್ಳಿತೆರೆಯ ಮೇಲೆ ಬಂದದ್ದು ಅವರು 1948ರಲ್ಲಿ ನಿರ್ಮಿಸಿದ 15 ಕಂತುಗಳ ಧಾರಾವಾಹಿಯಲ್ಲಿ. ಮನುಷ್ಯನನ್ನು ಹಾರಿಸುವುದು ಹೇಗೆ ಎಂಬ ಸಮಸ್ಯೆ ಅಲ್ಲಿಯೂ ಎದುರಾಯಿತು. ಕಟ್ಜ್‌ಮನ್ ತಂಡ ಕಂಡುಕೊಂಡ ಪರಿಹಾರ ಸರಳವಾಗಿತ್ತು. ನಟ ಕರ್ಕ್ ಅಲಿನ್ ನೆಲದಿಂದ ಜಿಗಿಯುತ್ತಿದ್ದಂತೆ ಅವರು ವ್ಯಂಗ್ಯಚಿತ್ರದಂತಹ ರೇಖಾಚಿತ್ರವಾಗಿ ಬದಲಾಗುತ್ತಿದ್ದರು; ಇಳಿದ ಮೇಲೆ ಮತ್ತೆ ಮನುಷ್ಯ. ಮಕ್ಕಳು ಚಪ್ಪಾಳೆ ತಟ್ಟಿದರು, ಗಲ್ಲಾಪೆಟ್ಟಿಗೆ ತುಂಬಿತು. ಹಾರುವ ದೃಶ್ಯಕ್ಕೆ ಹೆಚ್ಚು ಹಣ ಬೇಕಿಲ್ಲ ಎಂಬ ಪಾಠವನ್ನು ಅವರು ಬಹುಶಃ ಅಲ್ಲಿಯೇ ಕಲಿತರು. ಆ ಪಾಠ ಒಂಬತ್ತು ವರ್ಷಗಳ ಅನಂತರ ಕೈಕೊಟ್ಟಿತು.

ಅದೇ 1948ರಲ್ಲಿ 'ಜಂಗಲ್ ಜಿಮ್' ಸರಣಿ ಆರಂಭವಾಯಿತು. ಟಾರ್ಜನ್ ಪಾತ್ರದಿಂದ ಹೆಸರಾಗಿದ್ದ ಜಾನಿ ವೈಸ್‌ಮುಲ್ಲರ್ ನಾಯಕ. 1955ರವರೆಗೆ 16 ಚಿತ್ರಗಳು ಬಂದವು. ಕೊನೆಯ ಮೂರು ಚಿತ್ರಗಳ ವೇಳೆಗೆ ಜಂಗಲ್ ಜಿಮ್ ಎಂಬ ಹೆಸರು ಟೆಲಿವಿಷನ್ ಪಾಲಾಗಿತ್ತು. ಕಟ್ಜ್‌ಮನ್ ಧೃತಿಗೆಡಲಿಲ್ಲ. ನಾಯಕನ ಪಾತ್ರಕ್ಕೆ ಜಾನಿ ವೈಸ್‌ಮುಲ್ಲರ್ ಎಂದೇ ಹೆಸರಿಟ್ಟು ಅದೇ ಕಾಡಿನಲ್ಲಿ ಅದೇ ಬಗೆಯ ಕಥೆಗಳನ್ನು ಮುಂದುವರಿಸಿದರು. ಈ ಸರಣಿಯಿಂದಲೇ ಅವರಿಗೆ ಜಂಗಲ್ ಸ್ಯಾಮ್ ಎಂಬ ಬಿರುದು ಅಂಟಿಕೊಂಡಿತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಅವರಷ್ಟು ನಿಷ್ಠೆಯಿಂದ ಪಾಲಿಸಿದ ನಿರ್ಮಾಪಕರು ವಿರಳ. ತಮ್ಮ ಯಾವ ಚಿತ್ರವೂ ನಷ್ಟ ಕಂಡಿಲ್ಲವೆಂದು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಜನರ ನಾಡಿಮಿಡಿತ ಅವರಿಗೆ ಚೆನ್ನಾಗಿ ತಿಳಿದಿತ್ತು. ರಾಕ್ ಅಂಡ್ ರೋಲ್ ಸಂಗೀತ ಯುವಜನರನ್ನು ಆವರಿಸುತ್ತಿದ್ದಂತೆಯೇ ಬಿಲ್ ಹೇಲಿ ಅವರನ್ನು ಮುಂದಿಟ್ಟುಕೊಂಡು 1956ರಲ್ಲಿ 'ರಾಕ್ ಅರೌಂಡ್ ದಿ ಕ್ಲಾಕ್' ಹೊರತಂದರು. ದೊಡ್ಡ ಸ್ಟುಡಿಯೋಗಳು ಇನ್ನೂ ಆಲೋಚಿಸುತ್ತಿರುವಾಗಲೇ ಈ ಚಿತ್ರ ಹಣದ ಹೊಳೆ ಹರಿಸಿತು. ಬ್ರಿಟನ್ನಿನಲ್ಲಿ ಯುವಕರು ಚಿತ್ರಮಂದಿರಗಳಲ್ಲೇ ಕುಣಿದು ಗಲಭೆ ಎಬ್ಬಿಸಿದರು.

ಆರು ತೋಳುಗಳ ಅಷ್ಟಪದಿ

ಅಣುಬಾಂಬಿನ ಭೀತಿ ಜಗತ್ತನ್ನು ಕವಿದಿದ್ದ ಕಾಲವದು. 1953ರಿಂದಾಚೆಗೆ ದೈತ್ಯಜೀವಿಗಳ ಚಿತ್ರಗಳ ಪ್ರವಾಹವೇ ಹರಿಯಿತು. ಕಟ್ಜ್‌ಮನ್ ಅವರೂ ಆ ಪ್ರವಾಹಕ್ಕಿಳಿದರು. ಅವರ ತಂಡದಲ್ಲಿದ್ದ ಯುವ ನಿರ್ಮಾಪಕ ಚಾರ್ಲ್ಸ್ ಶ್ನೀರ್ ಒಬ್ಬ ಅಪೂರ್ವ ಕುಶಲಕರ್ಮಿಯನ್ನು ಕರೆತಂದರು. ಅವರ ಹೆಸರು ರೇ ಹ್ಯಾರಿಹೌಸನ್. ಪುಟ್ಟ ಮಾದರಿಯೊಂದನ್ನು ಕೂದಲೆಳೆಯಷ್ಟು ಕದಲಿಸಿ ಒಂದು ಚೌಕಟ್ಟು ಚಿತ್ರಿಸುವುದು, ಮತ್ತೆ ಕದಲಿಸಿ ಇನ್ನೊಂದು ಚೌಕಟ್ಟು ಚಿತ್ರಿಸುವುದು ಅವರ ವಿಧಾನ. ತೆರೆಯ ಮೇಲಿನ ಒಂದು ಸೆಕೆಂಡಿಗೆ ಇಂತಹ 24 ಚೌಕಟ್ಟುಗಳು ಬೇಕು. ಕೆಲವೇ ನಿಮಿಷಗಳ ದೃಶ್ಯ ತಿಂಗಳುಗಳನ್ನು ನುಂಗುತ್ತಿತ್ತು.

1955ರ 'ಇಟ್ ಕೇಮ್ ಫ್ರಮ್ ಬಿನೀತ್ ದಿ ಸೀ' ಚಿತ್ರದಲ್ಲಿ ಹ್ಯಾರಿಹೌಸನ್ ಅವರ ಮಹಾ ಅಷ್ಟಪದಿ ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯನ್ನು ಅಪ್ಪಿ ಮುರಿಯಿತು. ಆ ಅಷ್ಟಪದಿಗೆ ಇದ್ದದ್ದು ಎಂಟಲ್ಲ, ಆರು ತೋಳುಗಳು. ಎರಡು ತೋಳುಗಳನ್ನು ಕೈಬಿಟ್ಟದ್ದು ಹಣ ಮತ್ತು ಸಮಯ ಉಳಿಸುವುದಕ್ಕಾಗಿ. ಆದರೆ ಅದನ್ನು ನೋಡಿ ಯಾರೂ ನಗಲಿಲ್ಲ. ಉಳಿದ ಆರು ತೋಳುಗಳಲ್ಲಿ ಜೀವವಿತ್ತು. 1956ರಲ್ಲಿ ಫ್ರೆಡ್ ಸಿಯರ್ಸ್ ನಿರ್ದೇಶನದ 'ಅರ್ತ್ ವರ್ಸಸ್ ದಿ ಫ್ಲೈಯಿಂಗ್ ಸಾಸರ್ಸ್' ಚಿತ್ರದಲ್ಲಿ ಹ್ಯಾರಿಹೌಸನ್ ಅವರ ಹಾರುವ ತಟ್ಟೆಗಳು ವಾಷಿಂಗ್ಟನ್ ನಗರದ ಕಟ್ಟಡಗಳನ್ನು ಉರುಳಿಸಿದವು.

ಇದಾದ ಮೇಲೆ ಶ್ನೀರ್ ತಮ್ಮದೇ ಸಂಸ್ಥೆ ಸ್ಥಾಪಿಸಿ ಹೊರನಡೆದರು. ಹ್ಯಾರಿಹೌಸನ್ ಅವರ ಜೊತೆಗೂಡಿದರು. ಕಟ್ಜ್‌ಮನ್ ಬಳಿ ಉಳಿದದ್ದು ಚಿತ್ರದ ಯೋಜನೆ, ಒಪ್ಪಂದ ಹಾಗೂ ಬಿಡುಗಡೆಯ ದಿನಾಂಕಗಳು. ಪ್ರಾಣಿಗೆ ಪ್ರಾಣ ತುಂಬುತ್ತಿದ್ದ ಕೈ ಇರಲಿಲ್ಲ.

ತಂತಿಯ ಮೇಲಿನ ರಾಕ್ಷಸಪಕ್ಷಿ

'ದಿ ಜೈಂಟ್ ಕ್ಲಾ' ಸಿದ್ಧವಾದದ್ದು ಇಂತಹ ಹೊತ್ತಿನಲ್ಲಿ. ಪ್ರಾಗೈತಿಹಾಸಿಕ ಕಾಲದ ಆಕಾಶದಿಂದ ಇಳಿದು ಬಂದ ಹಾರುವ ಮೃಗವೆಂದು ಜಾಹೀರಾತುಗಳು ಸಾರಿದವು. ಚಿತ್ರದೊಳಗಿನ ವಿಜ್ಞಾನಿಗಳ ಪ್ರಕಾರ ಅದು ದೂರದ ಪ್ರತಿದ್ರವ್ಯ ನಕ್ಷತ್ರಪುಂಜವೊಂದರಿಂದ ಬಂದದ್ದು. ಅದರ ಸುತ್ತ ಇರುವ ಪ್ರತಿದ್ರವ್ಯದ ಕವಚದಿಂದಾಗಿ ಗುಂಡು, ಬಾಂಬು ಯಾವುದೂ ತಾಗದು. ಭೂಮಿಯ ಮೇಲೆ ಗೂಡು ಕಟ್ಟಿ ಮೊಟ್ಟೆಯಿಡುವುದು ಅದರ ಉದ್ದೇಶ. ಎಂಪೈರ್ ಸ್ಟೇಟ್ ಕಟ್ಟಡವನ್ನೂ ವಿಶ್ವಸಂಸ್ಥೆಯ ಕಟ್ಟಡವನ್ನೂ ಅದು ಕೆಡವುತ್ತದೆ. ಕಡೆಗೆ ಹೊಸ ಬಗೆಯ ಆಯುಧದಿಂದ ಕವಚ ಭೇದಿಸಿದಾಗ ಸಮುದ್ರಕ್ಕೆ ಬೀಳುತ್ತದೆ.

ಕಥೆ ಕೆಟ್ಟದ್ದಲ್ಲ. ಕಾಣದ ಶತ್ರು, ಕೈಲಾಗದ ಸೇನೆ, ಆತಂಕಗೊಂಡ ಜಗತ್ತು ಎಲ್ಲವೂ ಅಲ್ಲಿದ್ದವು. ಹ್ಯಾರಿಹೌಸನ್ ಮಾದರಿಯ ಕೆಲಸಕ್ಕೆ ಬೇಕಾದ ಹಣವನ್ನು ವ್ಯಯಿಸಲು ಕಟ್ಜ್‌ಮನ್ ಸಿದ್ಧರಿರಲಿಲ್ಲ. ಹಕ್ಕಿಯನ್ನು ಅಗ್ಗದ ದರಕ್ಕೆ ಮೆಕ್ಸಿಕೋದಲ್ಲಿ ಮಾಡಿಸಲಾಯಿತು ಎಂಬುದು ಚಿತ್ರರಂಗದಲ್ಲಿ ಬಹುಕಾಲದಿಂದ ಪ್ರಚಲಿತವಾಗಿರುವ ಮಾತು. ಕಟ್ಟಡಗಳು ಕುಸಿಯುವ ದೃಶ್ಯಗಳಿಗೆ ಹಾರುವ ತಟ್ಟೆಗಳ ಚಿತ್ರದ ಹಳೆಯ ತುಣುಕುಗಳನ್ನೂ ಬಳಸಿಕೊಳ್ಳಲಾಯಿತು. ಹೀಗೆ ಹ್ಯಾರಿಹೌಸನ್ ಇಲ್ಲದ ಚಿತ್ರದಲ್ಲಿಯೂ ಅವರ ಕೈಚಳಕದ ಚೂರುಗಳು ಉಳಿದವು.

ಹೋಲಿಕೆಗೆ ಆ ವರ್ಷ ದೂರ ಹೋಗಬೇಕಾಗಿರಲಿಲ್ಲ. ಅದೇ 1957ರಲ್ಲಿ, ಅದೇ ಕೊಲಂಬಿಯಾ ಸಂಸ್ಥೆ, ಶ್ನೀರ್ ಮತ್ತು ಹ್ಯಾರಿಹೌಸನ್ ಅವರ '20 ಮಿಲಿಯನ್ ಮೈಲ್ಸ್ ಟು ಅರ್ತ್' ಚಿತ್ರವನ್ನೂ ಬಿಡುಗಡೆ ಮಾಡಿತು. ಶುಕ್ರಗ್ರಹದಿಂದ ಬಂದ ಅದರ ಮೃಗ ರೋಮ್ ನಗರದಲ್ಲಿ ಸಾಯುವಾಗ ಪ್ರೇಕ್ಷಕರಿಗೆ ಮರುಕ ಹುಟ್ಟುತ್ತದೆ. ಜಪಾನಿನ ತೋಹೋ ಸಂಸ್ಥೆ 1956ರಲ್ಲಿಯೇ ಪ್ರಾಗೈತಿಹಾಸಿಕ ಹಾರುವ ಸರೀಸೃಪವೊಂದನ್ನು ಕುರಿತು 'ರೋಡಾನ್' ಎಂಬ ವರ್ಣಚಿತ್ರ ಮಾಡಿತ್ತು. ಅಲ್ಲಿಯೂ ತಂತಿಗಳಿದ್ದವು, ಬೊಂಬೆಗಳಿದ್ದವು, ವೇಷ ತೊಟ್ಟ ನಟರಿದ್ದರು. ಆದರೆ ಚಿತ್ರದ ಜೀವಾಳ ಯಾವುದೋ ಅದಕ್ಕೇ ಅವರು ಹಣವನ್ನೂ ಶ್ರಮವನ್ನೂ ಸುರಿದಿದ್ದರು. ಕಟ್ಜ್‌ಮನ್ ನಟರಿಗೆ, ವಿಮಾನಗಳಿಗೆ, ಸೆಟ್ಟುಗಳಿಗೆ ಒಂದಿಷ್ಟು ಕೊಟ್ಟು, ಹಕ್ಕಿಯ ಚಿತ್ರದಲ್ಲಿ ಹಕ್ಕಿಯ ಖರ್ಚನ್ನೇ ಉಳಿಸಿದರು.

ಅದರ ಬೆಲೆ ತೆತ್ತವರು ಬೇರೆಯವರು. ನಟ ಮಾರೋ ತಮ್ಮ ಊರಿನಲ್ಲೇ ತಲೆತಗ್ಗಿಸಿದರು. ನಿರ್ದೇಶಕ ಫ್ರೆಡ್ ಸಿಯರ್ಸ್ ಕಟ್ಜ್‌ಮನ್ ಅವರಿಗಾಗಿ ಒಂದರ ಹಿಂದೆ ಒಂದು ಚಿತ್ರವನ್ನು ಬಿಡುವಿಲ್ಲದೆ ಮುಗಿಸಿಕೊಡುತ್ತಿದ್ದವರು. ರಾಕ್ ಸಂಗೀತದ ಆ ಚಿತ್ರವೂ ಅವರದೇ. 1957ರ ನವೆಂಬರ್ 30ರಂದು, ತಮ್ಮ 44ನೆಯ ವಯಸ್ಸಿನಲ್ಲಿ, ಅವರು ಹೃದಯಾಘಾತದಿಂದ ತೀರಿಕೊಂಡರು. ಅವರು ಮುಗಿಸಿಟ್ಟಿದ್ದ ಕೆಲವು ಚಿತ್ರಗಳು ಆಮೇಲೆ ಬಿಡುಗಡೆಯಾದವು. ಉತ್ತಮ ಬಂಡವಾಳ, ಸಾಕಷ್ಟು ಸಮಯ ದೊರೆತಿದ್ದರೆ ಏನು ಮಾಡಬಲ್ಲವರಾಗಿದ್ದರೆಂದು ತೋರಿಸುವ ಅವಕಾಶ ಅವರಿಗೆ ಸಿಗಲಿಲ್ಲ.

ಉಳಿದ ಹೆಸರು

ಕಟ್ಜ್‌ಮನ್ ಅವರ ನಡಿಗೆ ನಿಲ್ಲಲಿಲ್ಲ. ಟ್ವಿಸ್ಟ್ ನೃತ್ಯದ ಅಲೆ ಎದ್ದಾಗ 1961ರಲ್ಲಿ 'ಟ್ವಿಸ್ಟ್ ಅರೌಂಡ್ ದಿ ಕ್ಲಾಕ್' ಬಂತು. ಅನಂತರ ಎಂಜಿಎಂ ಸಂಸ್ಥೆ ಸೇರಿದ ಅವರಿಗೆ ಎಲ್ವಿಸ್ ಪ್ರೆಸ್ಲಿ ಅವರ ಚಿತ್ರಗಳನ್ನು ನಿರ್ಮಿಸುವ ಅವಕಾಶ ದೊರಕಿತು. 1964ರ 'ಕಿಸ್ಸಿನ್ ಕಸಿನ್ಸ್' ಚಿತ್ರದಲ್ಲಿ ಎಲ್ವಿಸ್ ಅವರದು ದ್ವಿಪಾತ್ರ. ಮೂರು ವಾರಗಳೊಳಗೆ ಚಿತ್ರೀಕರಣ ಮುಗಿಯಿತು. ಅಂತಿಮ ದೃಶ್ಯದಲ್ಲಿ ಎಲ್ವಿಸ್ ಬದಲಿಗೆ ನಿಂತ ಡೂಪ್ ನಟನ ಮುಖವೇ ಸ್ಪಷ್ಟವಾಗಿ ಕಾಣುತ್ತದೆ. ಹಕ್ಕಿಯ ಪಾಠ ಅವರಿಗೆ ಪಾಠವಾಗಿರಲಿಲ್ಲ ಎನ್ನೋಣವೇ? ಅಥವಾ ಲಾಭ ಬಂದ ಮೇಲೆ ಅದು ಪಾಠವೆಂದೇ ಅವರಿಗೆ ತೋರಲಿಲ್ಲವೇ? ಎರಡನೆಯದೇ ನಿಜಕ್ಕೆ ಹತ್ತಿರವಿದ್ದೀತು.

ಹಾಗೆಂದು ಅವರನ್ನು ಬರೀ ಜಿಪುಣರೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅವರು ನಿರ್ಮಿಸಿದ ಚಿತ್ರಗಳು 200ಕ್ಕೂ ಹೆಚ್ಚು. ಬೆಳಕು ಹಿಡಿಯುವವರಿಂದ ಹಿಡಿದು ಬಡಗಿಗಳವರೆಗೆ ಸಾವಿರಾರು ಕೈಗಳಿಗೆ ಅವು ಕೆಲಸ ಕೊಟ್ಟವು. ಅವರ ಬಳಿ ಸಹಾಯಕ ನಿರ್ದೇಶಕರಾಗಿ ಕಸುಬು ಕಲಿತ ಸೋದರ ಸಂಬಂಧಿ ಲಿಯೊನಾರ್ಡ್ ಕಟ್ಜ್‌ಮನ್ ಮುಂದೆ ಜಗತ್ತಿನಾದ್ಯಂತ ಜನಪ್ರಿಯವಾದ 'ಡಲ್ಲಾಸ್' ಟೆಲಿವಿಷನ್ ಧಾರಾವಾಹಿಯ ನಿರ್ಮಾಪಕರಾದರು. ಶ್ನೀರ್ ಮತ್ತು ಹ್ಯಾರಿಹೌಸನ್ ಅವರ ದೀರ್ಘ ಸಹಯೋಗ ಮೊಳೆತದ್ದೂ ಕಟ್ಜ್‌ಮನ್ ಅವರ ಅಂಗಳದಲ್ಲಿಯೇ. ಆ ಇಬ್ಬರು 1961ರ 'ಮಿಸ್ಟೀರಿಯಸ್ ಐಲೆಂಡ್' ಚಿತ್ರದಲ್ಲಿ ದಕ್ಷಿಣ ಅಮೆರಿಕದಲ್ಲಿ ಹಿಂದೊಮ್ಮೆ ನಿಜವಾಗಿ ಬದುಕಿದ್ದ, ಹಾರಲಾರದ ಬೇಟೆಗಾರ ಪಕ್ಷಿ ಫೊರುಸ್ರಾಕಸ್ ಅನ್ನು ತೆರೆಗೆ ತಂದರು. ಅದನ್ನು ಬರೀ ದೊಡ್ಡ ಕೋಳಿಯೆಂದು ಭಾವಿಸಿದ ಪ್ರೇಕ್ಷಕರೂ ಉಂಟು. ಆದರೂ ಅದರ ನಡಿಗೆಯಲ್ಲಿ ಹಕ್ಕಿಯ ಜೀವಂತಿಕೆ ಇತ್ತು.

1973ರ ಆಗಸ್ಟ್ 4ರಂದು ಕಟ್ಜ್‌ಮನ್ ಹಾಲಿವುಡ್‌ನಲ್ಲಿ ನಿಧನರಾದರು. ಅವರಿಗೆ ಲಾಭ ತಂದ ಅನೇಕ ಚಿತ್ರಗಳನ್ನು ಜನ ಮರೆತರು. ನಗೆಪಾಟಲಾದ ಹಕ್ಕಿ ಮಾತ್ರ ಸಾಯಲಿಲ್ಲ. ಟೆಲಿವಿಷನ್ನಿನಲ್ಲಿ ಹೊಸ ತಲೆಮಾರುಗಳನ್ನು ನಗಿಸುತ್ತಾ ಅದು ಬದುಕಿ ಉಳಿಯಿತು. 2007ರಲ್ಲಿ ಡಿವಿಡಿಯಾಗಿಯೂ 2021ರಲ್ಲಿ ಬ್ಲೂ-ರೇ ತಟ್ಟೆಯಾಗಿಯೂ ಅವರ ನಾಲ್ಕು ಭಯಾನಕ ಚಿತ್ರಗಳ ಕಟ್ಟು ಹೊರಬಂದಾಗ ಎರಡು ಬಾರಿಯೂ ಪೆಟ್ಟಿಗೆಯ ಮೇಲೆ ಸ್ಯಾಮ್ ಕಟ್ಜ್‌ಮನ್ ಅವರ ಹೆಸರಿತ್ತು. ಎರಡರಲ್ಲಿಯೂ 'ದಿ ಜೈಂಟ್ ಕ್ಲಾ' ಇತ್ತು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಮಾತು ನಮ್ಮಲ್ಲಿದೆ. ಈ ಹಕ್ಕಿಯ ಕಥೆಯಲ್ಲಿ ಅಡಿಕೆ ಉಳಿಸಿದವರು ಒಬ್ಬರು, ಮಾನ ಕಳೆದುಕೊಂಡವರು ಇನ್ನೊಬ್ಬರು. ಇಂದು ಆ ಚಿತ್ರವನ್ನು ನೋಡುವವರು ಹಕ್ಕಿ ಬಂದಾಗ ಧಾರಾಳವಾಗಿ ನಗಲಿ. ಆದರೆ ಒಮ್ಮೆ ಕಣ್ಣು ಹೊರಳಿಸಿ ಮಾರೋ ಅವರ ಮುಖವನ್ನೂ ನೋಡಬೇಕು. ಏನೂ ಇಲ್ಲದ ಆಕಾಶದತ್ತ ತಲೆಯೆತ್ತಿ ಅವರು ನಿಜವಾಗಿಯೇ ಹೆದರಿದ್ದಾರೆ.