ನಾದದಲ್ಲಿ ಮನೆ ಕಟ್ಟಿದ ತಾಯಿ: ಬೆಂಗಳೂರು ನಾಗರತ್ನಮ್ಮನವರು

ನಂಜುಂಡೇಶ್ವರನ ದಿವ್ಯ ಸನ್ನಿಧಿಯಾದ ನಂಜನಗೂಡಿನಲ್ಲಿ 1878ನೇ ಇಸವಿಯಲ್ಲಿ ಪುಟ್ಟಲಕ್ಷ್ಮಮ್ಮ ಎಂಬ ದೇವದಾಸಿಯ ಉದರದಲ್ಲಿ ನಾಗರತ್ನಮ್ಮನವರು ಜನಿಸಿದರು. ತಂದೆಯಾದ ವಕೀಲರು ತಾಯಿ-ಮಗುವನ್ನು ನಡುನೀರಿನಲ್ಲಿ ಕೈಬಿಟ್ಟು ಹೋದರು. ಕೈಯಲ್ಲಿ ಕಾಸಿಲ್ಲ, ತಮ್ಮವರೆನ್ನುವವರು ಹತ್ತಿರವಿಲ್ಲ. ಅಂಥ ಹೊತ್ತಿನಲ್ಲಿಯೂ ಆ ತಾಯಿ ಅಳುತ್ತಾ ಕೂರಲಿಲ್ಲ. ಮಗಳಿಗೆ ಆಸ್ತಿ ಕೊಡಲಾಗದಿದ್ದರೂ ವಿದ್ಯೆ ಕೊಡೋಣ ಅಂತ ಮೈಸೂರಿಗೆ ಬಂದು, ಪಂಡಿತರಾದ ಗಿರಿಭಟ್ಟರ ತಿಮ್ಮಯ್ಯನವರಲ್ಲಿ ಮಗುವಿಗೆ ಸಂಸ್ಕೃತ ಪಾಠ ಹಾಕಿಸಿದರು. ಕೆಲಕಾಲದ ಮೇಲೆ ಆ ಆಶ್ರಯವೂ ತಪ್ಪಿತು.

ಕಡೆಗೆ ಕೈಹಿಡಿದವರು ಸೋದರಮಾವ ವೆಂಕಟಸ್ವಾಮಪ್ಪನವರು. ಅವರು ಪಿಟೀಲು ವಿದ್ವಾಂಸರು. ಮನೆಯಲ್ಲಿ ನಾದವೇ ಉಸಿರು. ಬೆಂಗಳೂರಿನಲ್ಲಿ ಮುನಿಸ್ವಾಮಪ್ಪನವರು ಬಾಲಕಿಗೆ ಸಂಗೀತ ಶಿಕ್ಷಣ ಕೊಟ್ಟರು. ಈ ಗುರುಗಳು ವಾಲಾಜಾಪೇಟೆಯ ಶಿಷ್ಯಪರಂಪರೆಗೆ ಸೇರಿದವರು. ಆ ಪರಂಪರೆಯಾದರೋ ಸಾಕ್ಷಾತ್ ಶ್ರೀ ತ್ಯಾಗರಾಜಸ್ವಾಮಿಗಳಿಂದಲೇ ಇಳಿದು ಬಂದದ್ದು. ತಂದೆಯ ಮುಖವನ್ನೇ ಸರಿಯಾಗಿ ಕಾಣದ ಮಗುವಿಗೆ ಹೀಗೆ ನಾದದ ಮೂಲಕ ಒಂದು ವಂಶ ದೊರೆಯಿತು!

ಹದಿನೈದರ ಹರೆಯದಲ್ಲಿಯೇ ನಾಗರತ್ನಮ್ಮನವರು ವಿದ್ವಾಂಸರ ಸಭೆಯಲ್ಲಿ ಹಾಡಿ ಮೆಚ್ಚುಗೆ ಪಡೆದರು. ಮುಂದೆ ಮದರಾಸಿನಲ್ಲಿ ನೆಲೆಸಿ, ಊರೂರು ತಿರುಗಿ ಕಛೇರಿ ಮಾಡಿ ಹಣ, ಒಡವೆ, ಕೀರ್ತಿ ಎಲ್ಲವನ್ನೂ ಗಳಿಸಿದರು. ಆದರೂ ಹೆಸರಿನ ಮುಂದೆ ಬೆಂಗಳೂರು ಮಾತ್ರ ಹಾಗೇ ಉಳಿಯಿತು.

ಹೀಗಿರುವಲ್ಲಿ ಮೈಸೂರಿನ ಪ್ರಸಿದ್ಧ ವಿದ್ವಾಂಸರಾದ ಬಿಡಾರಂ ಕೃಷ್ಣಪ್ಪನವರಿಂದ ಒಂದು ಕಾಗದ ಬಂತು. 1847ರಲ್ಲಿ ದೇಹಬಿಟ್ಟ ತ್ಯಾಗರಾಜಸ್ವಾಮಿಗಳ ಸಮಾಧಿ, ತಿರುವಯ್ಯಾರಿನ ಕಾವೇರಿ ದಡದಲ್ಲಿ ನೋಡುವವರಿಲ್ಲದೆ ಹಾಳುಬಿದ್ದಿದೆ ಎಂಬ ಸಂಗತಿ ಅದರಲ್ಲಿತ್ತು. ಓದಿದ ನಾಗರತ್ನಮ್ಮನವರ ಕರುಳು ಚುರುಕ್ ಎಂದಿತು. ಹಾಡಿ ಸಂಪಾದಿಸಿದ್ದೆಲ್ಲಾ ಆ ಸ್ವಾಮಿಗಳದ್ದೇ ಅಲ್ಲವೇ? ಜಾಗವನ್ನು ಹೊಂದಿಸಿ, 1921ರಲ್ಲಿ ಅಸ್ತಿಭಾರ ಹಾಕಿಸಿ, ಒಡವೆ ಮಾರಿ, ಕೂಡಿಟ್ಟ ಹಣ ಸುರಿದು ಕೆಲವೇ ವರ್ಷಗಳಲ್ಲಿ ಗುಡಿ ಎಬ್ಬಿಸಿದರು.

ಆದರೆ ವಿಧಿಯ ಆಟ ನೋಡಿ. ಅಲ್ಲಿ ನಡೆಯುತ್ತಿದ್ದ ಆರಾಧನೆಯಲ್ಲಿ ಆಗಲೇ ಒಡಕು ಬಿದ್ದಿತ್ತು. ತಿಲ್ಲೈಸ್ಥಾನದ ನರಸಿಂಹ ಭಾಗವತರು, ಪಂಜು ಭಾಗವತರು ಒಡಹುಟ್ಟಿದ ಅಣ್ಣತಮ್ಮಂದಿರು. ಅವರ ಜಗಳದಿಂದ ದೊಡ್ಡ ಪಕ್ಷ, ಚಿಕ್ಕ ಪಕ್ಷ ಅಂತ ಎರಡಾಗಿ, ಒಬ್ಬರೇ ಗುರುವಿಗೆ ಎರಡು ಕಡೆ ಆರಾಧನೆ ನಡೆಯುತ್ತಿತ್ತು. ಹೆಂಗಸರು ಹಾಡಕೂಡದು ಎಂಬ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ಗುಡಿ ಕಟ್ಟಿಸಿದಾಕೆಗೇ ಗುಡಿಯ ಮುಂದೆ ಹಾಡಲು ಅಪ್ಪಣೆಯಿಲ್ಲ!

ನಾಗರತ್ನಮ್ಮನವರು ಗುಡಿಯ ಬಾಗಿಲು ಮುಚ್ಚಿಸಬಹುದಿತ್ತು. ಹಾಗೆ ಮಾಡಲಿಲ್ಲ. ತಮ್ಮಂತೆಯೇ ಸಮಾಜ ದೂರವಿಟ್ಟಿದ್ದ ದೇವದಾಸಿ ಹೆಣ್ಣುಮಕ್ಕಳನ್ನು ಕರೆತಂದು, ಗುಡಿಯ ಹಿಂಭಾಗದಲ್ಲಿ ಕೂತು ತಾವೇ ಹಾಡತೊಡಗಿದರು. ಕುಟುಂಬವಿಲ್ಲದವರಿಗೆ ಆ ಗೋಷ್ಠಿಯೇ ಕುಟುಂಬವಾಯಿತು. ಒಂದು ವರ್ಷವಲ್ಲ, ಎರಡು ವರ್ಷವಲ್ಲ, ಹತ್ತಕ್ಕೂ ಹೆಚ್ಚು ವರ್ಷ ಹೀಗೇ ನಡೆಯಿತು. ಕೊನೆಗೆ ಹಿರಿಯರ ಸಂಧಾನದಿಂದ 1940ರ ಸುಮಾರಿಗೆ ಪಕ್ಷಗಳೆಲ್ಲ ಒಂದಾದವು. ಗಂಡಸರೂ ಹೆಂಗಸರೂ ಒಂದೇ ಸನ್ನಿಧಿಯಲ್ಲಿ ಹಾಡುವಂತಾಯಿತು.

ಅಷ್ಟು ಹೊತ್ತಿಗೆ ಅಮ್ಮನವರು ತಿರುವಯ್ಯಾರಿನಲ್ಲೇ ಬೀಡುಬಿಟ್ಟಿದ್ದರು. ತಮ್ಮದೆಂಬ ಆಸ್ತಿಯನ್ನೆಲ್ಲಾ ಸ್ವಾಮಿಗಳ ಸೇವೆಗೆ ಬರೆದಿಟ್ಟರು. 1952ರ ಮೇ 19ರಂದು ನಾದದಲ್ಲಿ ಲೀನರಾದರು. ಅವರ ಸಮಾಧಿಯೂ ತ್ಯಾಗರಾಜಸ್ವಾಮಿಗಳ ಸನ್ನಿಧಿಯ ಬಳಿಯೇ ಇದೆ. ಕೈಮುಗಿದು ಕುಳಿತಿರುವ ಅಮ್ಮನವರ ಮೂರ್ತಿಯನ್ನು ಭಕ್ತಾದಿಗಳು ಇಂದಿಗೂ ಅಲ್ಲಿ ನೋಡಬಹುದು. ತಂಜಾವೂರಿನಿಂದ ತಿರುವಯ್ಯಾರಿಗೆ ಹನ್ನೆರಡು ಕಿಲೋಮೀಟರಿನಷ್ಟು ದಾರಿ. ಪ್ರತಿವರ್ಷ ಪುಷ್ಯ ಬಹುಳ ಪಂಚಮಿಯಂದು ಅಲ್ಲಿ ಆರಾಧನೆ ನಡೆಯುತ್ತದೆ.

ಆರಾಧನೆಯ ದಿನಗಳಲ್ಲಿ ಬೆಂಗಳೂರಿನಲ್ಲಿಯೂ, ಹಲಸೂರು, ಇಂದಿರಾನಗರ ಮೊದಲಾದ ಕಡೆ ಅಜ್ಜಿ, ಸೊಸೆ, ಮೊಮ್ಮಕ್ಕಳು ಒಂದೇ ಜಮಖಾನದ ಮೇಲೆ ಕೂತು ಪಂಚರತ್ನ ಕೃತಿಗಳನ್ನು ಹಾಡುತ್ತಾರೆ. ಬೆಳಿಗ್ಗೆ ಅಡುಗೆಮನೆಯಲ್ಲಿ ಮಾತು ಬಿಟ್ಟವರೂ ಅಲ್ಲಿ ಒಂದೇ ಶ್ರುತಿಗೆ ದನಿಗೂಡಿಸಲೇಬೇಕು. ಒಬ್ಬರ ತಾಳ ತಪ್ಪಿದರೆ ಪಕ್ಕದವರು ತೊಡೆ ತಟ್ಟಿ ಸರಿಮಾಡುತ್ತಾರೆ. ಹೆಣ್ಣುಮಕ್ಕಳು ಮುಂದಿನ ಸಾಲಿನಲ್ಲಿ ಕೂತು ಹಾಡುವ ಈ ಭಾಗ್ಯದ ಹಿಂದೆ, ಗುಡಿಯ ಹಿಂದೆ ಕೂತು ಹಾಡಿದ ಒಬ್ಬ ತಾಯಿಯ ತಪಸ್ಸಿದೆ.

ಯಾತ್ರಾರ್ಥಿಗಳು ಬೆಟ್ಟ ಹತ್ತುವಾಗ ದಣಿವಾದರೆ ಮನೆಮಂದಿಯೆಲ್ಲಾ ಕೂಡಿ ಒಂದು ದೇವರನಾಮ ಹೇಳಿಕೊಳ್ಳಿರಿ. ಕಂಠ ಚೆನ್ನಾಗಿಲ್ಲ ಎಂಬ ಸಂಕೋಚ ಬೇಡ. ಆ ಮಹಾತಾಯಿಯ ಸ್ಮರಣೆಯಿಂದ ಎಲ್ಲರ ಮನೆಯಲ್ಲೂ ಒಗ್ಗಟ್ಟು, ನೆಮ್ಮದಿ ನೆಲೆಸಲಿ.

ಶುಭಂ ಭೂಯಾತ್.