ಇಗರ್ಜಿಗೆ ಜಾಗ ಕೊಟ್ಟ ರಾಣಿ: ಕೆಳದಿ ಚೆನ್ನಮ್ಮಾಜಿ



ಘಟ್ಟದ ಮೇಲೆ, ಸೊರಬ ತಾಲ್ಲೂಕಿನ ಉಳವಿ ಸೀಮೆಗೆ ಹತ್ತಿರದಲ್ಲೇ ಕೆಳದಿ ಎಂಬ ಊರಿದೆ. ಅಲ್ಲಿಯ ರಾಮೇಶ್ವರ ದೇವಾಲಯದ ಕಲ್ಲಿನ ಕಂಬಗಳನ್ನೂ ಮರದ ಕೆತ್ತನೆಯ ಮುಚ್ಚಿಗೆಯನ್ನೂ ನೋಡಲು ಪ್ರವಾಸಿಗರು ಹೋಗುತ್ತಾರೆ. ಕರಾವಳಿಯ ಕಥೋಲಿಕರಾದ ನಮಗೆ ಆ ಊರಿನೊಡನೆ ಇನ್ನೊಂದು ನಂಟಿದೆ. ನಮ್ಮ ಹಿರಿಯರ ಕೆಲವು ಇಗರ್ಜಿಗಳು ಎದ್ದು ನಿಂತದ್ದು ಕೆಳದಿ ಅರಸು ಮನೆತನದ ಒಬ್ಬ ಹೆಣ್ಣುಮಗಳ ಅಪ್ಪಣೆಯಿಂದ. ಆಕೆಯೇ ರಾಣಿ ಚೆನ್ನಮ್ಮಾಜಿ.

ಚೆನ್ನಮ್ಮಾಜಿ ಅರಮನೆಯಲ್ಲಿ ಹುಟ್ಟಿದವಳಲ್ಲ, ವರ್ತಕ ಮನೆತನದ ಮಗಳು. ಸೋಮಶೇಖರ ನಾಯಕನ ಕೈ ಹಿಡಿದು ರಾಣಿಯಾದಳು. 1671ರಲ್ಲಿ ಪತಿಯ ಕೊಲೆಯಾಯಿತು. ಮಕ್ಕಳಿರಲಿಲ್ಲ. ಬಿಜಾಪುರದ ಸೈನ್ಯ ರಾಜಧಾನಿ ಬಿದನೂರಿನ ಮೇಲೆ ಬಂತು. ರಾಣಿ ಭುವನಗಿರಿ ದುರ್ಗಕ್ಕೆ ಸರಿದು, ಸೈನ್ಯ ಕೂಡಿಸಿ, ರಾಜ್ಯವನ್ನು ಉಳಿಸಿಕೊಂಡಳು. ಬಸಪ್ಪ ನಾಯಕನನ್ನು ದತ್ತು ಪಡೆದು, 1696ರ ವರೆಗೆ ಸುಮಾರು 25 ವರ್ಷ ಆಳಿದಳು.

ಆಗ ಕೆನರಾದ ಅಕ್ಕಿಯನ್ನೇ ಗೋವಾ ನೆಚ್ಚಿಕೊಂಡಿತ್ತು. ಕರಿಮೆಣಸಿಗೂ ಒಳ್ಳೆಯ ಬೆಲೆಯಿತ್ತು. ಪೋರ್ಚುಗೀಸರೊಂದಿಗೆ ವ್ಯಾಪಾರ ನಡೆಯಬೇಕಿತ್ತು, ಸಮುದ್ರತೀರ ಶಾಂತವಾಗಿರಬೇಕಿತ್ತು. ಈ ಹಿನ್ನೆಲೆಯಲ್ಲಿ 1678ರಲ್ಲಿ ಒಪ್ಪಂದವಾಯಿತು. ಮಿರ್ಜಾನ್, ಹೊನ್ನಾವರ, ಚಂದಾವರ, ಕಲ್ಯಾಣಪುರ ಮೊದಲಾದ ಕಡೆ ಇಗರ್ಜಿ ಕಟ್ಟಲು ಅನುಮತಿ ದೊರೆಯಿತು. ಗೋವಾದಿಂದ ಬಂದು ಇಲ್ಲಿ ಬೇಸಾಯಕ್ಕೆ ನಿಂತ ನಮ್ಮ ಪೂರ್ವಜರಿಗೆ ಪೂಜೆಗೊಂದು ನೆಲೆ ಸಿಕ್ಕಿತು.

ಗೋವಾ ಮೂಲದವರೇ ಆದ ಬಿಷಪ್ ತೋಮಸ್ ದೆ ಕಾಸ್ತ್ರೊ ಅವರಿಗೆ ರಾಣಿ ಮಂಗಳೂರಿನಲ್ಲಿ ಜಾಗ ಕೊಟ್ಟಳು. 1680ರಲ್ಲಿ ಅಲ್ಲಿ ಮಿಲಾಗ್ರಿಸ್ ಇಗರ್ಜಿ ಎದ್ದಿತು. ಮರುವರ್ಷ ಕೆನರಾಕ್ಕೆ ಬಂದ ಸಂತ ಜೋಸೆಫ್ ವಾಸ್ ಅವರು ಸೇವೆ ಮಾಡಿದ್ದೂ ಇದೇ ರಾಣಿಯ ಆಳ್ವಿಕೆಯಲ್ಲಿ.

ರಾಣಿ ಇದನ್ನೆಲ್ಲ ನಮ್ಮ ವಿಶ್ವಾಸದ ಮೇಲಿನ ಒಲವಿನಿಂದ ಮಾಡಿದಳೆಂದು ನಾವು ಹೇಳುವುದಿಲ್ಲ. ಆಕೆ ವೀರಶೈವ ಧರ್ಮದ ನಿಷ್ಠಾವಂತೆ. ರಾಜ್ಯದ ಹಿತವನ್ನು ನೋಡಿಯೇ ನಡೆದವಳು. ಆದರೆ ಬಾಗಿಲಿಗೆ ಬಂದವರನ್ನು ಆಕೆ ಕೈಬಿಡುತ್ತಿರಲಿಲ್ಲ ಎಂಬುದಕ್ಕೆ 1689ರ ಘಟನೆ ಸಾಕ್ಷಿ. ಮೊಗಲರಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು, ಜಿಂಜಿಯ ಕಡೆಗೆ ಸುರಕ್ಷಿತವಾಗಿ ಕಳುಹಿಸಿದಳು. ಅದಕ್ಕಾಗಿ ಔರಂಗಜೇಬನ ಸೈನ್ಯವನ್ನೇ ಎದುರಿಸಬೇಕಾಯಿತು.

ಆಕೆಯ ಕಾಲದ ಕಟ್ಟಡ ಮಂಗಳೂರಿನ ಮಿಲಾಗ್ರಿಸ್‌ನಲ್ಲಿ ಉಳಿದಿಲ್ಲ. 1784ರಲ್ಲಿ ನಮ್ಮವರು ಶ್ರೀರಂಗಪಟ್ಟಣಕ್ಕೆ ಸೆರೆಹೋದಾಗ ಆ ಇಗರ್ಜಿ ನಾಶವಾಯಿತು. ಮತ್ತೆ ಕಟ್ಟಿದ್ದು 1911ರಲ್ಲಿ ಕುಸಿಯಿತು. ಈಗಿರುವುದು ಅದರ ನಂತರದ್ದು. ಕಲ್ಯಾಣಪುರದ ಮಿಲಾಗ್ರಿಸ್ 2012ರಲ್ಲಿ ಉಡುಪಿ ಧರ್ಮಪ್ರಾಂತ್ಯದ ಪ್ರಧಾನ ದೇವಾಲಯವಾಯಿತು. ಗೋಡೆಗಳು ಬಿದ್ದವು, ಎದ್ದವು. ಸಮುದಾಯ ಅಲ್ಲೇ ಬೇರೂರಿತು.

ನಮ್ಮ ಧರ್ಮಕೇಂದ್ರಗಳಲ್ಲಿ ಜುಬಿಲಿ ಬಂದಾಗ ಸ್ಮರಣ ಸಂಚಿಕೆ ತರುತ್ತೇವೆ. ಸೇವೆ ಮಾಡಿದ ಗುರುಗಳ ಪಟ್ಟಿ, ದಾನಿಗಳ ಭಾವಚಿತ್ರ, ಹೊಸ ಕಟ್ಟಡದ ಖರ್ಚು ಎಲ್ಲವೂ ಅಲ್ಲಿರುತ್ತವೆ. ಮೊದಲು ನೆಲ ಬಿಟ್ಟುಕೊಟ್ಟ ಅನ್ಯಧರ್ಮೀಯರ ಹೆಸರಿಗೆ ಒಂದು ಸಾಲು ಸಿಕ್ಕರೆ ಹೆಚ್ಚು. ಹೀಗೆ ಬಿಡುತ್ತಾ ಹೋದರೆ, ನಾವು ಈ ಮಣ್ಣಿಗೆ ಹೊರಗಿನವರೆಂದು ಯಾರಾದರೂ ಅಂದಾಗ ಉತ್ತರ ಹೇಳಲು ನಮ್ಮ ಮಕ್ಕಳಿಗೇ ತಿಳಿಯದು. ಮೂರು ಶತಮಾನಗಳ ಹಿಂದೆಯೇ ಇಲ್ಲಿಯ ರಾಣಿಯೊಬ್ಬಳು ನಮಗೆ ಜಾಗ ಕೊಟ್ಟಿದ್ದಳು ಎಂಬುದೇ ಆ ಉತ್ತರ.

ಮುಂದಿನ ಸಂಚಿಕೆ ಸಿದ್ಧಪಡಿಸುವ ಧರ್ಮಕೇಂದ್ರಗಳು ಇಂಥವರಿಗೆ ಒಂದು ಪುಟ ಮೀಸಲಿಡಲಿ. ಯುವಜನರ ಪ್ರವಾಸ ಘಟ್ಟ ಹತ್ತಿದಾಗ ಕೆಳದಿಯಲ್ಲೂ ಒಂದು ಗಳಿಗೆ ನಿಲ್ಲಲಿ. ಪಡೆದದ್ದನ್ನು ನೆನೆಯುವುದೂ ನಮ್ಮ ಪ್ರಾರ್ಥನೆಯೇ ಎಂದು ನಾವು ನಂಬುತ್ತೇವೆ.